ರೈಟರ್ ಮುತ್ತ ಆಳು ತಂದದ್ದು

ಸುಂಟಿಕೊಪ್ಪದವರೆಗೆ ಅಗಲ ರಸ್ತೆ ಬೇಕೇ ಬೇಕೆಂದು ಗ್ರಾಮಸಭೆಯಲ್ಲಿ ಗಂಟಲು ಹರಿದುಕೊಂಡವನು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮುತ್ತನೇ. ಸರ್ಕಾರ ಕೋಟಿಗಟ್ಟಲೆ ಸುರಿಯಿತು, ಕೆಲಸ ಶುರುವಾಯಿತು. ದಿನಕ್ಕೆ ಐನೂರಕ್ಕೆ ಕಾಫಿ ಕೊಯ್ಯುತ್ತಿದ್ದ, ಎಸ್ಟೇಟಿನ ಲೈನ್‌ಮನೆಗಳ ಕೂಲಿ ಜನರೆಲ್ಲ ಏಳುನೂರರ ಆಸೆಗೆ ರಸ್ತೆಯ ಜಲ್ಲಿ ಹೊರಲು ಹೊರಟೇಬಿಟ್ಟರು.

ಇತ್ತ ಹಣ್ಣು ಉದುರುತ್ತಿತ್ತು. ಮೋಡ ಬೇರೆ ಕವಿದಿತ್ತು.

"ಮಧ್ಯಾಹ್ನದೊಳಗೆ ಆಳು ತಂದು ನಿಲ್ಸು, ಕೂಲಿ ಎಷ್ಟಾದ್ರೂ ಆಗ್ಲಿ. ಇಲ್ದಿದ್ರೆ ನೀನೂ ಜಲ್ಲಿ ಹೊರೋಕೆ ಹೋಗು," ಎಂದು ತೋಟದ ಸಾಹುಕಾರ ಬೆಳ್ಯಪ್ಪ ಗುಡುಗಿದರು.

"ಆಳಿಲ್ದೆ ಈ ಗೇಟು ತುಳಿಯಲ್ಲ ಸಾವ್ಕಾರ್ರೇ!" ಎಂದು ಮುತ್ತ ಜೀಪು ಹತ್ತಿದ.

ಅರ್ಧ ದಾರಿಯಲ್ಲೇ ಜಲ್ಲಿ ಚುಚ್ಚಿ ಟೈರು ಪಂಕ್ಚರ್. ಲಾರಿಗಳ ಗಿರಾಕಿ ಹೆಚ್ಚಿದ್ದರಿಂದ ಪಂಕ್ಚರ್ ಹಾಕುವವನೂ ರೇಟು ಏರಿಸಿ ಕೂತಿದ್ದ. ಪಕ್ಕದ ಹುಚ್ಚಮ್ಮನ ಹೋಟೆಲಿನಲ್ಲಿ ಟೀ ಹತ್ತರಿಂದ ಹದಿನೈದಕ್ಕೆ ಜಿಗಿದಿತ್ತು.

"ಏನಮ್ಮ ಇದು ಅನ್ಯಾಯ?"

"ರೋಡು ಕೇಳಿದ್ದು ನಾನಾ ರೈಟ್ರೇ? ಹಾಲಿನವ್ನು ಏರಿಸ್ದ, ನಾನೂ ಏರಿಸ್ದೆ. ಅದಿರ್ಲಿ, ಅಲ್ನೋಡಿ, ಮೇಸ್ತ್ರಿ ಸಿದ್ದ. ಶಿರಂಗಾಲದಿಂದ ಆಳು ಕರ್ಕೊಂಡು ಈಗ್ತಾನೆ ಬಂದವ್ನೆ. ಬೇಗ ಹಿಡ್ಕೊಳಿ!"

ಮುತ್ತ ಟೀ ಅರ್ಧಕ್ಕೇ ಬಿಟ್ಟು ಓಡಿದ. "ಏಳ್ನೂರೈವತ್ತು ಕೊಡ್ತೀನಿ, ಜೀಪು ಹತ್ತಿ!"

ಸಿದ್ದನ ಫೋನು ಆಗಲೇ ಕಿವಿಯಲ್ಲಿತ್ತು. "ತಡೀರಿ ರೈಟ್ರೇ, ಇಲ್ಲೊಬ್ರು ಎಂಟ್ನೂರು ಅಂತಾವ್ರೆ."

"ಯಾರಯ್ಯ ಅದು?"

"ಯಾರೋ ತೋಟದೋರು. ಹೆಸ್ರು ಹೇಳ್ಲಿಲ್ಲ."

ಮುತ್ತನಿಗೆ ಮೈಯೆಲ್ಲ ಉರಿಯಿತು. ಎಂಟುನೂರೈವತ್ತು ಎಂದ. ಫೋನಿನಿಂದ ಒಂಬೈನೂರು ಬಂತು. "ಬಿಡ್ಬೇಡಿ ರೈಟ್ರೇ, ಮಾನದ ಪ್ರಶ್ನೆ!" ಎಂದು ಟೀ ಕುಡಿಯುತ್ತಿದ್ದವರೆಲ್ಲ ಹುರಿದುಂಬಿಸಿದರು. ಅವರಪ್ಪನ ಗಂಟೇನು ಹೋಗಬೇಕು! "ಸಾವಿರ!" ಎಂದು ಮುತ್ತ ಬೆಂಚು ಗುದ್ದಿದ. ಸಿದ್ದ ಫೋನು ಕಟ್ ಮಾಡಿದ.

ಪಂಕ್ಚರ್ ಹಾಕಿಸಿದ ಜೀಪಿನಲ್ಲಿ ಸಿದ್ದನನ್ನೂ ಆಳುಗಳನ್ನೂ ತುಂಬಿಕೊಂಡು, ಮದುವೆ ದಿಬ್ಬಣ ತಂದ ಯಜಮಾನನಂತೆ ಮುತ್ತ ಗೇಟು ಹೊಕ್ಕ. ಜೀಪನ್ನು ಅಂಗಳದಲ್ಲಿ ನಿಲ್ಲಿಸಿ, ಜಗಲಿ ಹತ್ತಿದ. ಅಲ್ಲಿ ಬೆಳ್ಯಪ್ಪ ಕೈಯಲ್ಲಿ ಫೋನು ಹಿಡಿದು ಕೊತಕೊತ ಕುದಿಯುತ್ತಿದ್ದರು.

"ನಿನ್ನ ನಂಬಿ ಕೂರೋಕಾಗಲ್ಲ ಅಂತ ನಾನೇ ಒಬ್ಬ ಮೇಸ್ತ್ರೀನ ಹಿಡ್ದಿದ್ದೆ. ಎಂಟ್ನೂರಕ್ಕೆ ಒಪ್ಪೇಬಿಟ್ಟಿದ್ದ. ಯಾವನೋ ತಲೆಕೆಟ್ಟೋನು ಮಧ್ಯೆ ಬಾಯಿ ಹಾಕಿ ಸಾವಿರಕ್ಕೆ ಏರಿಸ್ದ. ನಾನು ಬಿಡ್ತೀನಾ?"

ಮುತ್ತ ಫೋನಿಗೆ ಕೈ ಚಾಚಿದ. "ಬೇಡ ಸಾವ್ಕಾರ್ರೇ..." ಎನ್ನುವಷ್ಟರಲ್ಲಿ ಅವರು ನಂಬರ್ ಒತ್ತಿಯಾಗಿತ್ತು.

ಅಂಗಳದ ಜೀಪಿನೊಳಗೆ ಫೋನು ರಿಂಗಾಯಿತು.

"ಸಾವಿರದ ನೂರು!" ಎಂದು ಬೆಳ್ಯಪ್ಪ ಕೂಗಿದರು.

"ಆಯ್ತು ಸಾವ್ಕಾರ್ರೇ, ಒಪ್ಗೆ," ಎಂದಿತು ಜೀಪಿನೊಳಗಿನ ದನಿ. "ಈ ರೈಟ್ರಿಗೆ ಕೈಕೊಟ್ಟು ಈಗ್ಲೇ ಬತ್ತೀವಿ. ನಿಮ್ ತೋಟ ಎಲ್ಲೈತೆ ಹೇಳಿ."