ಗುಟ್ಟಪ್ಪನ ಚುಕ್ಕಿಗಳು

ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದು ಎಲ್ಲರ ಕಂಪ್ಯೂಟರಿನಲ್ಲೂ ಉಂಟು. ಗುಟ್ಟಪ್ಪನಿಗೆ ಅಷ್ಟು ಸಾಲಲಿಲ್ಲ. ಅದರ ಮೇಲಿನ ಸಾಲಿನಲ್ಲಿ ಹೆಸರು ಎಲ್ಲರಿಗೂ ಕಾಣುವಂತೆ ನಿಂತಿರುತ್ತದಲ್ಲ, ಅದನ್ನು ನೋಡಿದರೆ ಅವನಿಗೆ ಬಚ್ಚಲುಮನೆಯ ಬಾಗಿಲು ತೆರೆದಿಟ್ಟ ಹಾಗೆ ಅನಿಸುತ್ತಿತ್ತು. ಕಂಪ್ಯೂಟರ್ ರಿಪೇರಿಯವನನ್ನು ಕಾಡಿ ಬೇಡಿ, ಹೆಸರೂ ಚುಕ್ಕಿಯಾಗುವಂತೆ ಮಾಡಿಸಿಕೊಂಡ. ಆ ದಿನದ ರಾಮಾಯಣಕ್ಕೆಲ್ಲ ಇದೇ ಮೂಲ.

ಅವನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ವರದಿ ಟೈಪ್ ಮಾಡುವ ಗುಮಾಸ್ತ. ಗುಟ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಹೆಸರು ಕೇಳಿದರೂ "ಯಾಕೆ?" ಎಂದು ತಿರುಗಿ ಕೇಳುತ್ತಿದ್ದುದಕ್ಕೆ ಲ್ಯಾಬಿನವರು ಕಟ್ಟಿದ ಹೆಸರು. ಪಾಪ, ಅವನ ಮೇಜು ಇದ್ದದ್ದು ನಡುದಾರಿಯಲ್ಲಿ, ಕುಡಿಯುವ ನೀರಿನ ಫಿಲ್ಟರಿನ ಪಕ್ಕದಲ್ಲಿ. ಬಾಯಾರಿದವರೆಲ್ಲ ಅಲ್ಲಿಗೇ ಬರಬೇಕು. ಲೋಟ ತುಂಬುವಷ್ಟು ಹೊತ್ತೂ ಅವರ ಕಣ್ಣು ಇವನ ಸ್ಕ್ರೀನಿನ ಮೇಲೆ. ಇದರ ಮೇಲೆ ಗುಟ್ಟಪ್ಪನಿಗೆ ಇನ್ನೊಂದು ಚಾಳಿ: ಟೈಪ್ ಮಾಡುವಾಗ ಪ್ರತಿ ಅಕ್ಷರವನ್ನೂ ಬಾಯಲ್ಲಿ ಗೊಣಗುತ್ತಿದ್ದ. ಚುಕ್ಕಿ ಮುಚ್ಚಿಟ್ಟದ್ದನ್ನು ಬಾಯಿ ಬಿಚ್ಚಿಡುತ್ತಿತ್ತು. ಇದು ಅವನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಒಂದು ತಿಂಗಳ ಹಿಂದೆ ಲ್ಯಾಬಿನ ಒಡತಿ ಡಾಕ್ಟರಮ್ಮ ಎಲ್ಲರನ್ನೂ ಸೇರಿಸಿ ಹೇಳಿದ್ದರು: "ರೋಗಿಗಳ ವಿಷಯ ಹೊರಗೆ ಹೋಗಬಾರದು. ಅದನ್ನ ಕಾಯೋಕೆ ಒಬ್ಬ ಗೌಪ್ಯತಾ ಅಧಿಕಾರಿ ಬೇಕು. ಆನ್‌ಲೈನ್ ಕೋರ್ಸ್ ಇದೆ, ಎಲ್ಲರೂ ಸೇರ್ಕೊಳ್ಳಿ. ಕಲಿಯೋಕೆ ವಯಸ್ಸು ಅಡ್ಡ ಬರಲ್ಲ. ಪಾಸಾದವರಿಗೆ ಆ ಕೆಲಸ, ಜೊತೆಗೆ ಹಳೇ ಎಕ್ಸ್‌ರೇ ಕೋಣೆ."

ಹಳೇ ಎಕ್ಸ್‌ರೇ ಕೋಣೆ! ಕಿಟಕಿಯಿಲ್ಲದ ಕೋಣೆ. ಬಾಗಿಲೊಳಗೆ ಸೀಸದ ತಗಡು. ಎಕ್ಸ್‌ರೇಯೇ ಇಣುಕಲಾರದ ಕಡೆ, ಗಳಿಗೆಗೊಮ್ಮೆ ನೀರಿಗೆ ಬರುವ ಕ್ಯಾಷಿಯರ್ ಹೇಗೆ ಇಣುಕಿಯಾನು? ಅಂದಿನಿಂದ ಗುಟ್ಟಪ್ಪ ಊಟ ನಿದ್ದೆ ಬಿಟ್ಟು ಓದಿದ. ಕನಸಿನಲ್ಲೂ ಆ ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ.

ಕ್ಯಾಷಿಯರ್ ಇದಕ್ಕೆ ತದ್ವಿರುದ್ಧ. "ಮುಚ್ಚಿಡೋಕೆ ನಮ್ಮ ಹತ್ರ ಏನಿದೆ ಗುಟ್ಟಪ್ಪನೋರೇ? ನನ್ನ ಬಗ್ಗೆ ನನಗಿಂತ ನನ್ನ ಫೋನಿಗೇ ಚೆನ್ನಾಗಿ ಗೊತ್ತು. ಯಾರೋ ಒಬ್ಬರಾದ್ರೂ ನಮ್ಮನ್ನ ಗಮನಿಸ್ತಾ ಇದಾರಲ್ಲ ಅಂತ ಖುಷಿಪಡಿ!" ಎಂದು ನಗುವ ಆಸಾಮಿ. ನಿನ್ನೆ ತನ್ನ ಕಂಪ್ಯೂಟರ್ ಕೈಕೊಟ್ಟಿತೆಂದು ಈ ಕ್ಯಾಷಿಯರ್, ಗುಟ್ಟಪ್ಪ ಊಟಕ್ಕೆ ಹೋಗಿದ್ದಾಗ ಅವನ ಕುರ್ಚಿಯಲ್ಲಿ ಕೂತು ಏನೇನೋ ಕುಟ್ಟಿ ಎದ್ದುಹೋಗಿದ್ದ. ಗುಟ್ಟಪ್ಪ ಬಂದವನೇ ಕೀಬೋರ್ಡನ್ನು ಸ್ಪಿರಿಟ್ ಹಚ್ಚಿ ಒರೆಸಿದ್ದ.

ಇವತ್ತು ಪರೀಕ್ಷೆಗೆ ಕೊನೆಯ ದಿನ. ಸಂಜೆ ಐದಕ್ಕೆ ಬಂದ್. ವರದಿಗಳನ್ನೆಲ್ಲ ಮುಗಿಸಿ, ಕೈ ಉಜ್ಜಿಕೊಂಡು, ಗುಟ್ಟಪ್ಪ ಪರೀಕ್ಷೆಯ ಪುಟ ತೆರೆದ. ಹೆಸರಿನ ಜಾಗದಲ್ಲಿ ಚುಕ್ಕಿಗಳು ಎಂದಿನಂತೆ ತಾವಾಗಿಯೇ ಬಂದು ಕೂತಿದ್ದವು. ಪಾಸ್‌ವರ್ಡ್ ಹೊಡೆದ. ತಪ್ಪು. ಮತ್ತೆ ಹೊಡೆದ. ತಪ್ಪು. ಮೂರನೆಯ ಸಲಕ್ಕೆ ಕಂಪ್ಯೂಟರ್ ಮುಖ ತಿರುಗಿಸಿಕೊಂಡು, ಮರೆತಿದ್ದರೆ ಮೂರು ಗುಟ್ಟಿನ ಪ್ರಶ್ನೆಗೆ ಉತ್ತರಿಸಿ ಎಂದಿತು. ಚಿಕ್ಕಂದಿನ ಅಡ್ಡಹೆಸರು? ಅತಿ ಹೆಚ್ಚು ಭಯ ಯಾವುದಕ್ಕೆ? ಮೊದಲು ಪ್ರೀತಿಸಿದ್ದು ಯಾರನ್ನು?

ಇಷ್ಟೇನಾ ಎಂದುಕೊಂಡು ಗುಟ್ಟಪ್ಪ ಟೈಪ್ ಮಾಡಿದ.

"ಗುಂಡಮ್ಮ!" ಫಿಲ್ಟರಿನ ಬಳಿಯಿಂದ ಕಿರುಚಿದ್ದು ಕೇಳಿಸಿತು. ರಕ್ತ ತೆಗೆಯುವ ಹೆಂಗಸು, ಎಲ್ಲರ ಬಾಯಲ್ಲಿ ಸೂಜಿಯಕ್ಕ, ಲೋಟ ಹಿಡಿದು ನಿಂತಿದ್ದಳು. "ನಿಮ್ಮನ್ನ ಗುಂಡಮ್ಮ ಅಂತಿದ್ರಾ?"

"ಇಲ್ಲ, ಇಲ್ಲ, ಅದು..." ಗುಟ್ಟಪ್ಪ ಅವಸರದಲ್ಲಿ ಎರಡನೆಯ ಉತ್ತರಕ್ಕೆ ಹಾರಿದ. ಬಾಯಿ ಮಾತ್ರ ತನ್ನ ಕೆಲಸ ಬಿಡಲಿಲ್ಲ.

"ಸೂಜಿ? ಸೂಜಿ ಕಂಡ್ರೆ ಭಯಾನಾ? ಅದಕ್ಕೇ ವರ್ಷ ವರ್ಷ ರಕ್ತ ಕೊಡೋ ದಿನ ನಿಮಗೆ ಜ್ವರ ಬರೋದು!"

ಎದುರಿನ ಕುರ್ಚಿಯಲ್ಲಿದ್ದ ನಿವೃತ್ತ ಮೇಷ್ಟ್ರು ಎದ್ದು ಬಂದರು. ಊಟವಾಗಿ ಎರಡು ಗಂಟೆ ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಲು ಕಾದಿದ್ದವರು. ಆ ಎರಡು ಗಂಟೆಯನ್ನು ಹೇಗೆ ಕಳೆಯುವುದೆಂದು ತಿಳಿಯದೆ ಒದ್ದಾಡುತ್ತಿದ್ದವರಿಗೆ ಈಗ ಹೋದ ಜೀವ ಬಂದಂತಾಯಿತು. "ಮೂರಕ್ಕೂ ಕೆಂಪು ಗುರುತು ಬಂದಿದೆಯಲ್ಲಪ್ಪಾ. ಮೂರನೇದಕ್ಕೆ ಏನು ಬರೆದೆ?"

"ಹೆಂಡತಿ ಹೆಸರು ಸಾರ್."

"ಅದೂ ತಪ್ಪಂತೆ?" ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಹಾಗಾದ್ರೆ ಆಕೆಯನ್ನೇ ಕೇಳು. ಗಂಡ ಮರೆತದ್ದನ್ನ ಹೆಂಡತಿ ಮರೆಯಲ್ಲ. ಇದು ವಿಜ್ಞಾನ."

ಗಡಿಯಾರದ ಮುಳ್ಳು ಓಡುತ್ತಿತ್ತು. ಸೀಸದ ಬಾಗಿಲು ಕಣ್ಣೆದುರಿಗೇ ಮುಚ್ಚಿಕೊಳ್ಳುತ್ತಿದೆ, ತಾನು ಮಾತ್ರ ಹೊರಗೆ ನಿಂತಿದ್ದೇನೆ ಎಂದು ಗುಟ್ಟಪ್ಪನಿಗೆ ಅನಿಸಿತು. ಫೋನು ತೆಗೆದ. ಯಾರೂ ಕದ್ದು ಕೇಳಬಾರದೆಂದು ಅದರ ಕಿವಿಗಿಡುವ ತೂತಿಗೆ ತಾನೇ ಟೇಪು ಅಂಟಿಸಿದ್ದ. ಸ್ಪೀಕರ್ ಹಾಕದಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ಹಾಕಿದ.

"ರೀ, ಏನು ಈ ಹೊತ್ತಲ್ಲಿ?" ಎಂದು ಹೆಂಡತಿಯ ದನಿ ನಡುದಾರಿಯ ತುಂಬ ಮೊಳಗಿತು.

"ಏನಿಲ್ಲ ಕಣೇ, ಒಂದು ಪ್ರಶ್ನೆ. ನಾನು ಮೊದಲು ಪ್ರೀತಿಸಿದ್ದು ಯಾರನ್ನ?"

"ನನ್ನನ್ನೇ ಅಂತ ಹೇಳಿದ್ರಲ್ಲ?"

"ಹಾಗೆ ಬರೆದ್ರೆ ಕಂಪ್ಯೂಟರ್ ತಪ್ಪು ಅಂತಿದೆ."

ಸೂಜಿಯಕ್ಕ ನೀರು ನುಂಗುವುದನ್ನೂ ಮರೆತಳು.

"ಅಂದ್ರೆ," ಹೆಂಡತಿಯ ದನಿ ತಣ್ಣಗಾಗಿತ್ತು, "ಕಂಪ್ಯೂಟರಿಗೆ ಗೊತ್ತಿರೋದು ನನಗೆ ಗೊತ್ತಿಲ್ಲ. ಯಾರವಳು? ಹೇಳೋ ತನಕ ನಾನು ಫೋನ್ ಇಡಲ್ಲ."

ಗುಟ್ಟಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ತಲೆಯೊಳಗೆ ದೀಪ ಹತ್ತಿತು. ತಾನು ನಿಜ ಬರೆಯುವ ಪೆದ್ದನಲ್ಲ. ಸುಳ್ಳು ಬರೆದರೆ ಮರೆತುಹೋಗುತ್ತದೆ ಎಂದೂ ತನಗೆ ಗೊತ್ತು. ಹಾಗಾದರೆ ಇನ್ನೊಬ್ಬರ ನಿಜವನ್ನು ಬರೆದಿರಬೇಕು! ಮರೆತರೂ ಅವರನ್ನು ಕೇಳಿ ತಿಳಿಯಬಹುದು. ಕೇಳಿದ್ದೇ ತಡ ಎಲ್ಲವನ್ನೂ ಒದರುವವನು ಯಾರು? ತನ್ನ ಬುದ್ಧಿಗೆ ತಾನೇ ಬೆರಗಾಗಿ, ಫೋನನ್ನು ಸೂಜಿಯಕ್ಕನ ಕೈಗೆ ತುರುಕಿ, ಅವನು ಕ್ಯಾಷ್ ಕೌಂಟರಿಗೆ ಓಡಿದ.

"ಸುಮ್ನೆ ಕೇಳ್ತೀನಿ," ಎಂದ ಏದುಸಿರು ಬಿಡುತ್ತ, "ಚಿಕ್ಕವರಿದ್ದಾಗ ನಿಮ್ಮನ್ನ ಏನಂತ ಕರೀತಿದ್ರು?"

"ಕುಂಬಳಕಾಯಿ ಅಂತ! ಯಾಕೆ?"

"ಸುಮ್ನೆ. ಯಾವುದಕ್ಕೆ ಹೆದರ್ತೀರಿ?"

"ಹಲ್ಲಿಗೆ ಕಣ್ರೀ. ಗೋಡೆ ಮೇಲೆ ಹಲ್ಲಿ ಕಂಡ್ರೆ ನಾನು ಆ ಕೋಣೆಗೇ ಹೋಗಲ್ಲ." ತನ್ನ ಬಗ್ಗೆ ಇಷ್ಟು ಆಸ್ಥೆಯಿಂದ ಯಾರೂ ಕೇಳಿರದಿದ್ದುದರಿಂದ ಕ್ಯಾಷಿಯರಿನ ಮುಖ ಅರಳಿತ್ತು. ಮೂರನೆಯದಕ್ಕಂತೂ ಅವನು ಕುರ್ಚಿ ಎಳೆದುಕೊಟ್ಟು, ಶಾಲೆಗೆ ಹೋಗುತ್ತಿದ್ದ ಬಸ್ಸು, ಅದರ ಕಂಡಕ್ಟರು, ಕಂಡಕ್ಟರನ ಮಗಳು ಎಂದು ವಿಸ್ತಾರವಾಗಿ ಶುರುಮಾಡಿದ. ಮಗಳು ಬರುವಷ್ಟರಲ್ಲಿ ಗುಟ್ಟಪ್ಪ ಎದ್ದು ಓಡಿಯಾಗಿತ್ತು.

ಕುಂಬಳಕಾಯಿ. ಹಸಿರು ಗುರುತು! ಹಲ್ಲಿ. ಹಸಿರು! "ಕಂ... ಡ... ಕ್ಟರ್... ಮ... ಗ... ಳು..." ಟಿಂಗ್ ಎಂದು ಗಂಟೆ ಬಾರಿಸಿ ಪುಟ ತೆರೆದುಕೊಂಡಿತು.

"ಸರಿ ಬಂತು! ಕಂಡಕ್ಟರ್ ಮಗಳೇ ಸರಿ!" ಎಂದು ಸೂಜಿಯಕ್ಕ ಕುಣಿದಳು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಸಂಭ್ರಮದಲ್ಲಿ ಅವರ ಸಕ್ಕರೆ ಎಷ್ಟು ಏರಿತೋ ದೇವರೇ ಬಲ್ಲ.

"ಯಾವ ಕಂಡಕ್ಟರು?" ಎಂದಿತು ಫೋನು.

"ಆಮೇಲೆ ಹೇಳ್ತೀನಿ!" ಗುಟ್ಟಪ್ಪ ಫೋನು ಕಿತ್ತುಕೊಂಡು ಕರೆ ಕತ್ತರಿಸಿದ. ಎಲ್ಲರನ್ನೂ ಅಟ್ಟಿದ. ಆಮೇಲೆ ಪರೀಕ್ಷೆ ಬರೆದನಲ್ಲ, ಅಬ್ಬಾ! ಒಂದೊಂದು ಪ್ರಶ್ನೆಯೂ ಹಳೆಯ ಗೆಳೆಯನ ಹಾಗೆ ಕಂಡಿತು. ಕೊನೆಯ ಪ್ರಶ್ನೆಯಂತೂ ಅವನಿಗೆಂದೇ ಬರೆದಂತಿತ್ತು: ಸಹೋದ್ಯೋಗಿಯ ಗುಟ್ಟುಗಳನ್ನು ಉಪಾಯವಾಗಿ ತಿಳಿದುಕೊಂಡು ಅವರ ಖಾತೆಯೊಳಗೆ ನುಗ್ಗುವವನಿಗೆ ಏನು ಶಿಕ್ಷೆ ಕೊಡಬೇಕು? ಗುಟ್ಟಪ್ಪ ಹಲ್ಲು ಕಡಿದು, "ತಕ್ಷಣ ಕೆಲಸದಿಂದ ತೆಗೆಯಬೇಕು" ಎಂಬುದನ್ನು ಒತ್ತಿದ. ನೂರಕ್ಕೆ ನೂರು! ಐದಕ್ಕೆ ಇನ್ನೂ ಕೆಲವು ನಿಮಿಷಗಳಿದ್ದವು.

ಡಾಕ್ಟರಮ್ಮನ ಕೋಣೆಯ ಪ್ರಿಂಟರ್ ಗಿರಗುಟ್ಟಿದ್ದು ಕೇಳಿಸಿತು. ಪ್ರಮಾಣಪತ್ರ! ಗುಟ್ಟಪ್ಪ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ. ಡಾಕ್ಟರಮ್ಮ ಹಾಳೆ ಹಿಡಿದು, ನಗುತ್ತ ಬಂದು, ಅವನನ್ನು ದಾಟಿ ಹೋಗಿ ಕ್ಯಾಷಿಯರಿನ ಕೈ ಕುಲುಕಿದರು.

"ನೂರಕ್ಕೆ ನೂರು! ನೀವು ಹೀಗೆ ಓದ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ."

"ನನಗೂ ಗೊತ್ತಿರಲಿಲ್ಲ ಡಾಕ್ಟರಮ್ಮ!" ಕ್ಯಾಷಿಯರ್ ತೆರೆದ ಬಾಯಿ ಮುಚ್ಚಲಿಲ್ಲ. "ನೀವು ಹೇಳಿದ್ರಲ್ಲ ಅಂತ ನಿನ್ನೆ ಗುಟ್ಟಪ್ಪನೋರ ಕಂಪ್ಯೂಟರಲ್ಲಿ ಹೆಸರು ಕೊಟ್ಟು, ಅದು ಕೇಳಿದ್ದೆಲ್ಲ ಹೇಳಿ, ಸುಮ್ನೆ ಏನೇನೋ ಒತ್ತಿದ್ದೆ. ಅದೇ ಪರೀಕ್ಷೆ ಅಂತ ಯಾರಿಗೆ ಗೊತ್ತು? ಇವತ್ತು ರಿಸಲ್ಟ್ ಬಂದಿರಬೇಕು!"

ಗುಟ್ಟಪ್ಪ ಓಡಿಹೋಗಿ ಹೆಸರಿನ ಚುಕ್ಕಿಗಳನ್ನು ಅಳಿಸಿ, ತನ್ನ ಹೆಸರನ್ನು, ತನ್ನ ಹಳೆಯ ಪಾಸ್‌ವರ್ಡನ್ನು ಹೊಡೆದ. ಮೊದಲ ಏಟಿಗೇ ತೆರೆಯಿತು. ಆದರೆ ಅಷ್ಟರಲ್ಲಿ ಐದು ದಾಟಿತ್ತು. "ಪರೀಕ್ಷೆಯ ಸಮಯ ಮುಗಿದಿದೆ" ಎಂದಿತು. ಇಡೀ ಮಧ್ಯಾಹ್ನ ಅವನು ನಿನ್ನೆಯಿಂದ ಅಲ್ಲೇ ಕೂತಿದ್ದ ಕ್ಯಾಷಿಯರಿನ ಹೆಸರಿನ ಚುಕ್ಕಿಗಳ ಮುಂದೆ ಗೋಗರೆದಿದ್ದ.

"ಡಾಕ್ಟರಮ್ಮ!" ಎಂದು ಕೂಗಲು ಹೊರಟವನಿಗೆ ಆ ಕೊನೆಯ ಪ್ರಶ್ನೆ ಅಡ್ಡ ನಿಂತಿತು. ಶಿಕ್ಷೆಯನ್ನು ತಾನೇ ಆರಿಸಿದ್ದ.

"ಏನಪ್ಪಾ?" ಎಂದರು ಡಾಕ್ಟರಮ್ಮ.

"ಏನಿಲ್ಲ. ಒಳ್ಳೇ ಆಯ್ಕೆ ಅಂದೆ."

ಗೌಪ್ಯತಾ ಅಧಿಕಾರಿ ಆಗಲೇ ಮೊದಲ ಆಜ್ಞೆ ಹೊರಡಿಸುತ್ತಿದ್ದ. "ಆ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಒಬ್ಬನೇ ಕೂರೋಕೆ ನನ್ನ ಕೈಲಿ ಆಗಲ್ಲ ಡಾಕ್ಟರಮ್ಮ, ಹಲ್ಲಿಗಿಲ್ಲಿ ಇದ್ರೆ? ನಾಳೆನೇ ಬಾಗಿಲು ಕೀಳಿಸಿಬಿಡಿ. ಗಟ್ಟಿ ಮಾಲು, ವೇಸ್ಟ್ ಮಾಡೋದು ಬೇಡ. ಗುಟ್ಟಪ್ಪನೋರ ಬೆನ್ನ ಹಿಂದೆ ಜಾಗ ಇದೆ, ಅದನ್ನೇ ಬೆಂಚು ಮಾಡಿ ಹಾಕಿಸೋಣ. ಪಾಪ, ಮೇಷ್ಟ್ರಂಥವರು ಎಷ್ಟು ಹೊತ್ತು ನಿಂತು ನೋಡ್ತಾರೆ?"

ಮೇಷ್ಟ್ರು ಇದು ಬಹಳ ಒಳ್ಳೆಯ ಯೋಚನೆ ಎಂದರು.

ಆಗ ಫೋನು ಬಡಿದುಕೊಂಡಿತು. ಗುಟ್ಟಪ್ಪನ ಬೆರಳು ತಾನಾಗಿಯೇ ಸ್ಪೀಕರ್ ಒತ್ತಿತು.

"ಪರೀಕ್ಷೆ ಮುಗೀತಲ್ಲ, ಈಗ ಹೇಳಿ," ಎಂದಿತು ಹೆಂಡತಿಯ ದನಿ. "ಆ ಕಂಡಕ್ಟರ್ ಮಗಳು ಯಾರು? ಹೇಳ್ತೀರೋ, ಅತ್ತೆಯವರನ್ನೇ ಕೇಳಲೋ?"

ನಡುದಾರಿಯಲ್ಲಿದ್ದವರೆಲ್ಲ ಹತ್ತಿರ ಸರಿದರು. ಡಾಕ್ಟರಮ್ಮನೂ ತಿರುಗಿ ನೋಡಿದರು. ಅವಳು ನನ್ನವಳಲ್ಲ ಎಂದರೆ ಕೆಲಸ ಹೋಗುತ್ತದೆ, ನನ್ನವಳು ಎಂದರೆ ಮನೆ ಹೋಗುತ್ತದೆ. ಗುಟ್ಟಪ್ಪನ ಜೀವಮಾನದಲ್ಲಿ ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆನಿಸಿದ ಗುಟ್ಟು ಅದೊಂದೇ. ಅದನ್ನೇ ಅವನು ಬಾಯಿ ಬಿಡುವಂತಿರಲಿಲ್ಲ.

"ಯಾಕೆ ಸುಮ್ನಿದೀರಿ?" ಎಂದಳು ಹೆಂಡತಿ.

ಹೊಸ ಅಧಿಕಾರಿ ಅನುಕಂಪದಿಂದ ಅವನ ಹೆಗಲ ಮೇಲೆ ಕೈಯಿಟ್ಟ. "ಹೇಳಿಬಿಡಿ ಗುಟ್ಟಪ್ಪನೋರೇ, ಮುಚ್ಚಿಡಬೇಡಿ. ಆಶ್ಚರ್ಯ ನೋಡಿ, ನನ್ನದೂ ಕಂಡಕ್ಟರ್ ಮಗಳೇ!"