ಚಕ್ಕಡಿಗೆ ಬಿದ್ದ ಪಾಯಿಂಟು

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಇಡೀ ಬೇ ಏರಿಯಾದಲ್ಲಿ ನನ್ನಷ್ಟು ಶಿಸ್ತಾಗಿ ಕಾರು ಓಡಿಸುವ ಗಂಡಸು ಇನ್ನೊಬ್ಬನಿಲ್ಲ ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ಫ್ರೀವೇ ಮೇಲೆ ಗಂಟೆಗೆ ಅರವತ್ತೈದು ಮೈಲಿ ಅಂತ ಬೋರ್ಡಿದ್ದರೆ ನಾನು ಅರವತ್ತು. ಮಳೆ ಬಂದರೆ ಐವತ್ತು. ಮಳೆ ಬರಬಹುದು ಅನ್ನಿಸಿದರೂ ಐವತ್ತು. ಈ ದೇಶಕ್ಕೆ ಬಂದ ಮೇಲೆ ಒಬ್ಬನೇ ಒಬ್ಬ ಪೊಲೀಸನೂ ನನ್ನನ್ನು ತಡೆದು ನಿಲ್ಲಿಸಿರಲಿಲ್ಲ. ಇದನ್ನು ನಾನು ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ ಕೂಡ.

ನನ್ನ ಹೆಂಡತಿ ಗಿರಿಜಾಳಿಗೆ ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಕಾಣುತ್ತಿರಲಿಲ್ಲ. ನನ್ನ ಕಾರಿಗೆ ಅವಳು ಇಟ್ಟ ಹೆಸರು ಚಕ್ಕಡಿ. ಅವಳ ಬಾಗಲಕೋಟೆ ಕಡೆ ಎತ್ತಿನಗಾಡಿಗೆ ಹಾಗನ್ನುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು, ಕಿತ್ತಳೆ ಹಣ್ಣು ಸುಲಿದು ಒಂದೊಂದೇ ತೊಳೆ ನನ್ನ ಕೈಗಿಡುತ್ತ, ನಮ್ಮನ್ನು ದಾಟಿ ಹೋಗುವ ಗಾಡಿಗಳ ವರದಿ ಒಪ್ಪಿಸುವುದು ಅವಳ ಕೆಲಸ. "ರೀ, ಲಾರಿ ಹೋತು. ರೀ, ಸ್ಕೂಲ್ ಬಸ್ಸು ಹೋತು. ರೀ, ಈಗ ಹೋದಾಕಿಗೆ ತೊಂಬತ್ತು ವರ್ಷರ ಇರಬೇಕು ನೋಡ್ರಿ."

ಇಂಥ ಗಿರಿಜಾ ಹೋದ ವರ್ಷ ಊರಿಗೆ ಹೋದಳು. ಅವಳ ಅಕ್ಕನಿಗೆ, ಅಂದರೆ ನಾವೆಲ್ಲ ಅಕ್ಕಾರು ಅಂತ ಕರೆಯುವವರಿಗೆ, ಮೊಣಕಾಲಿನ ಆಪರೇಷನ್ ಆಗಿತ್ತು. ಒಂದು ತಿಂಗಳಲ್ಲಿ ಬರುತ್ತೇನೆ ಎಂದು ಹೇಳಿ ಹೋದವಳು. ಒಂದು ತಿಂಗಳಾದ ಮೇಲೆ ಮೊಣಕಾಲು ಇನ್ನೂ ಮಡಚುತ್ತಿಲ್ಲ ಎಂದಳು. ಎರಡಾದ ಮೇಲೆ ಮಡಚುತ್ತಿದೆ, ಮೆಟ್ಟಿಲು ಹತ್ತಲು ಬರುತ್ತಿಲ್ಲ ಎಂದಳು. ಆಮೇಲೆ ಅದೇ ಮೊಣಕಾಲಿಟ್ಟುಕೊಂಡು ಅಕ್ಕಾರು ಒಂದು ಮದುವೆಗೆ ಹೋಗಬೇಕಾಗಿತ್ತಂತೆ, ಜೊತೆಗೆ ಇವಳೂ ಇರಬೇಕಂತೆ. ಜೀವಮಾನದಲ್ಲಿ ನಾನು ಯಾರ ಆಸ್ತಿ ನೋಡಿಯೂ ಹೊಟ್ಟೆಕಿಚ್ಚು ಪಟ್ಟವನಲ್ಲ. ಆ ಒಂದು ಮೊಣಕಾಲಿನ ಮೇಲೆ ಮಾತ್ರ ಬಹಳ ಪಟ್ಟೆ.

ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ನಾನೊಬ್ಬನೇ. ಮಗಳು ಕಾಲೇಜಿಗೆಂದು ಬೇರೆ ಊರು ಸೇರಿದ್ದಾಳೆ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಫ್ರಿಜ್ಜು ಗುಂಯ್ ಅಂದರೂ ನಾನು "ಏನಂದಿ?" ಅಂತ ಕೇಳುತ್ತಿದ್ದೆ. ಹೋಗುವ ಮುಂಚೆ ಗಿರಿಜಾ ತಿಂಗಳುಗಟ್ಟಲೆ ಕೆಡದ ಕಟಕ್ ರೊಟ್ಟಿಯ ದೊಡ್ಡ ಗಂಟೊಂದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಪುಡಿ ಮಾಡಿಟ್ಟು ಹೋಗಿದ್ದಳು. ಒಂದು ತಿಂಗಳಿಗೆ ಅಂತ ಮಾಡಿದ್ದನ್ನು ಮೂರು ತಿಂಗಳು ಎಳೆದೆ. ಕೊನೆಗೆ ಒಂದೇ ಒಂದು ರೊಟ್ಟಿ ಉಳಿಯಿತು. ಅದನ್ನು ತಿಂದರೆ ಅವಳು ಇನ್ನೂ ಒಂದು ತಿಂಗಳು ಬರುವುದಿಲ್ಲ ಅಂತ ಎಲ್ಲಿಂದಲೋ ನನ್ನ ತಲೆಗೆ ಹೊಕ್ಕಿತು. ಎಂಜಿನಿಯರಿಂಗ್ ಓದಿದವನು ನಾನು. ರೊಟ್ಟಿಯನ್ನು ಮುಟ್ಟಲಿಲ್ಲ.

ಕಾರಿನಲ್ಲೂ ಅದೇ ಪಾಡು. ಗಿರಿಜಾ ಗಿಡ್ಡ, ಅದಕ್ಕೆ ಪಕ್ಕದ ಸೀಟನ್ನು ಬಹಳ ಮುಂದಕ್ಕೆ ಎಳೆದುಕೊಂಡಿರುತ್ತಾಳೆ. ಎದುರು ಮನೆಯ ಸಲೀಂ ಭಾಯಿ ಮೈಸೂರಿನವರು, ಆರಡಿ ಎತ್ತರದ ಆಳು. ಹೇವರ್ಡ್‌ನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಒಂದು ಭಾನುವಾರ ನನ್ನ ಜೊತೆ ಗ್ರೋಸರಿಗೆ ಹೊರಟವರು ಸೀಟು ಹಿಂದಕ್ಕೆ ಹಾಕಲು ಕೈ ಇಳಿಬಿಟ್ಟರು. ಬೇಡ ಎಂದೆ. ಪಾಪ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡೇ ಕೂತು ಬಂದರು. ಇಳಿಯುವಾಗ, "ಸಾರ್, ಮೇಡಮ್ಮು ಯಾವಾಗ ಬರ್ತಾರೆ?" ಅಂತ ಬಹಳ ಕಾಳಜಿಯಿಂದ ಕೇಳಿದರು.

ಕೊನೆಗೂ ಅವಳು ಬರುವ ದಿನ ಬಂತು. ಮಧ್ಯಾಹ್ನದ ವಿಮಾನ. ನಾನು ಬೆಳಿಗ್ಗೆಯೇ ಎದ್ದು ಗಡ್ಡ ಕೆರೆದು, ಅವಳಿಗೆ ಇಷ್ಟವಾದ ನೀಲಿ ಅಂಗಿ ಹಾಕಿಕೊಂಡು ತಯಾರಾದೆ. ಮಲ್ಲಿಗೆ ಹೂವು ಒಯ್ಯಬೇಕೆಂಬ ಆಸೆ. ಮಲ್ಲಿಗೆ ಸಿಗುವ ಅಂಗಡಿಗೆ ಹೋದರೆ ಅಲ್ಲಿ ಹೂವಿನ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಈಗ ಬರುತ್ತದೆ, ಇನ್ನೇನು ಬಂತು ಅನ್ನುತ್ತಲೇ ಅಂಗಡಿಯ ಹುಡುಗಿ ನನ್ನ ಅರ್ಧ ದಿನ ತಿಂದಳು. ಎರಡು ಮೊಳ ಮಲ್ಲಿಗೆ ಕೈಗೆ ಸಿಕ್ಕಾಗ ವಿಮಾನ ಇಳಿಯುವ ಹೊತ್ತು ಹತ್ತಿರವಾಗಿತ್ತು. ಹೂವನ್ನು ಅವಳ ಸೀಟಿನ ಮೇಲಿಟ್ಟು, 101 ಫ್ರೀವೇ ಹತ್ತಿದೆ.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಲಾರಿಗಳು ಹಿಂದೆ ಹೋಗುತ್ತಿದ್ದವು. ಸ್ಕೂಲ್ ಬಸ್ಸು ಹಿಂದೆ ಹೋಯಿತು. ಇವತ್ತು ಎಲ್ಲರೂ ಯಾಕಿಷ್ಟು ನಿಧಾನ ಅಂತ ಅಂದುಕೊಂಡೆ. ಸ್ಯಾನ್ ಮಟಿಯೋ ಹತ್ತಿರ ಕನ್ನಡಿಯಲ್ಲಿ ಪೊಲೀಸಿನವನ ಕೆಂಪು ನೀಲಿ ದೀಪ ಕಂಡಾಗ, ಪಾಪ ಯಾರನ್ನೋ ಹಿಡಿಯಲು ಹೊರಟಿದ್ದಾನೆ ಅಂತ ಮರ್ಯಾದೆಯಿಂದ ದಾರಿ ಬಿಟ್ಟುಕೊಟ್ಟೆ. ಅವನೂ ಮರ್ಯಾದೆಯಿಂದ ನನ್ನ ಹಿಂದೆಯೇ ಬಂದ.

ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. ನಮ್ಮ ಹುಬ್ಬಳ್ಳಿಯಲ್ಲಿ ಪೊಲೀಸು ನಿಲ್ಲಿಸಿದರೆ ನಾವೇ ಇಳಿದು ಅವನ ಹತ್ತಿರ ಹೋಗಬೇಕು. ಕೂತಲ್ಲೇ ಕೂತರೆ ಸೊಕ್ಕು ಅಂದುಕೊಳ್ಳುತ್ತಾನೆ. ನಾನು ಕಾರನ್ನು ಬದಿಗೆ ನಿಲ್ಲಿಸಿ, ಬಾಗಿಲು ತೆಗೆದು, ಎರಡೂ ಕೈ ಜೋಡಿಸಿಕೊಂಡು, ನಗುತ್ತ ಅವನತ್ತ ನಡೆದೆ. ಅವನು ತನ್ನ ಕಾರಿನ ಬಾಗಿಲ ಹಿಂದೆ ಅಡಗಿ, ಸೊಂಟದ ಪಿಸ್ತೂಲಿಗೆ ಕೈ ಹಾಕಿ, ಕಾರೊಳಗೆ ಹೋಗಿ ಕೂತುಕೋ ಎಂದು ಕೂಗಿದ. ಹೋಗಿ ಕೂತೆ. ಕೈ ಮಾತ್ರ ಬಿಡಿಸುವುದು ಮರೆತಿತ್ತು.

ಎಷ್ಟು ವೇಗದಲ್ಲಿದ್ದೆ ಗೊತ್ತೇ ಅಂತ ಕೇಳಿದ. ಇಲ್ಲ, ನಾನು ಗಡಿಯಾರ ಮಾತ್ರ ನೋಡುತ್ತಿದ್ದೆ ಅಂದೆ. ಎಂಬತ್ನಾಲ್ಕು ಎಂದ. ಇನ್ಯಾರದೋ ಕಾರಿರಬೇಕು, ಸರಿಯಾಗಿ ನೋಡಿ ಎಂದು ವಿನಂತಿಸಿದೆ. ಯಾಕಿಷ್ಟು ಅವಸರ ಎಂದ. ಹೆಂಡತಿ ಅಂದೆ. ಆಸ್ಪತ್ರೆಯಲ್ಲಿದ್ದಾಳೆಯೇ ಅಂತ ಗಾಬರಿಯಾದ. ಇಲ್ಲ, ಏರ್‌ಪೋರ್ಟಿನಲ್ಲಿ, ಬಹಳ ದಿನವಾಗಿತ್ತು ಎಂದೆ. ಅವನು ಪಕ್ಕದ ಸೀಟಿನ ಮಲ್ಲಿಗೆಯನ್ನು ನೋಡಿದ. ಒಳ್ಳೆಯ ವಾಸನೆ ಇದೆ ಎಂದ. ಟಿಕೆಟ್ ಬರೆದು ಕೊಟ್ಟ. ನಾನು ಥ್ಯಾಂಕ್ಯೂ ಎಂದೆ. ಯಾರು ಏನು ಕೊಟ್ಟರೂ ಥ್ಯಾಂಕ್ಯೂ ಅನ್ನುವುದು ನಮ್ಮ ಸಂಸ್ಕಾರ.

ಏರ್‌ಪೋರ್ಟಿಗೆ ಓಡೋಡಿ ಹೋಗಿ ಬೋರ್ಡು ನೋಡಿದರೆ, ವಿಮಾನ ಎರಡು ಗಂಟೆ ತಡ.

ಬಿಸಿಲಲ್ಲಿ ಕಾದ ಕಾರಿನೊಳಗೆ ಮಲ್ಲಿಗೆ ಬಾಡಿ, ಅಂಚು ಕಂದಿತು. ಗಿರಿಜಾ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದಾಗ ಸ್ವಲ್ಪ ಸೊರಗಿದ್ದಳು, ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಅವಳನ್ನು ನೋಡಿದ ಕೂಡಲೇ ಮೂರು ತಿಂಗಳಿಂದ ಹೇಳಬೇಕೆಂದು ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು. "ಬ್ಯಾಗ್ ಭಾಳ ಭಾರ ಅದಾವೇನು?" ಎಂದೆ. ಕಾರಿನಲ್ಲಿ ಕೂತವಳು ಆ ಬಾಡಿದ ಹೂವನ್ನು ಎತ್ತಿಕೊಂಡು ಮುಡಿದುಕೊಂಡಳು. ಸೀಟು ಅವಳಿಗೆ ಸರಿಯಾಗಿತ್ತು. ಆ ದಿನ ನಾನು ಐವತ್ತೈದರ ಮೇಲೆ ಹೋಗಲಿಲ್ಲ. ಲಾರಿಗಳು ಒಂದೊಂದಾಗಿ ನಮ್ಮನ್ನು ದಾಟಿದವು. "ನಿಮ್ಮ ಚಕ್ಕಡಿ ಹೆಂಗಿತ್ತೋ ಹಂಗ ಐತಿ," ಅಂತ ಅವಳು ತೃಪ್ತಿಯಿಂದ ನಿಟ್ಟುಸಿರುಬಿಟ್ಟಳು. ಇಂಥ ಸಮಯದಲ್ಲಿ ಟಿಕೆಟ್ಟಿನ ವಿಷಯ ಹೇಗೆ ಹೇಳಲಿ? ಅದು ನನ್ನ ಎರಡನೇ ತಪ್ಪು.

ಮೂರನೆಯದು ಇನ್ನೂ ದೊಡ್ಡದು. ಕೆಲವು ವಾರಗಳಾದ ಮೇಲೆ ಕೋರ್ಟಿನಿಂದ ನೋಟಿಸು ಬಂತು. ಎರಡು ದಾರಿ ಇವೆ ಅಂತ ಅದರಲ್ಲಿತ್ತು. ದಂಡ ಕಟ್ಟಿ ಸುಮ್ಮನಾಗುವುದು ಒಂದು. ದಂಡವನ್ನೂ ಕಟ್ಟಿ, ಮೇಲೆ ಟ್ರಾಫಿಕ್ ಸ್ಕೂಲಿಗೂ ಹೋಗುವುದು ಇನ್ನೊಂದು. ಇದನ್ನು ಓದಿ ನನಗೆ ನಗು ಬಂತು. ದುಡ್ಡೂ ಕೊಟ್ಟು ಶಾಲೆಗೂ ಹೋಗಲು ನಾನೇನು ಹುಚ್ಚನೇ? ಅದೂ ಈ ವಯಸ್ಸಿನಲ್ಲಿ, ಡ್ರೈವಿಂಗ್ ಕಲಿಯಲು? ನಮ್ಮಲ್ಲಿ ದಂಡ ಕಟ್ಟಿದರೆ ಮುಗಿಯಿತು, ರಸೀದಿಯನ್ನೂ ಕೇಳುವವರಿಲ್ಲ. ಗಿರಿಜಾ ಸ್ನಾನಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಕೂತು ಪಟ್ಟಂತ ಕಟ್ಟಿದೆ. ಬಹಳ ಹಗುರವೆನಿಸಿತು.

ಆ ಹಗುರದಲ್ಲೇ ಹೋಗಿ ಸಲೀಂ ಭಾಯಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಲೈಸೆನ್ಸಿನ ಮೇಲೆ ಒಂದು ಪಾಯಿಂಟು ಬೀಳುತ್ತದೆ. ಟ್ರಾಫಿಕ್ ಸ್ಕೂಲಿಗೆ ಹೋದವರ ಪಾಯಿಂಟು ಇನ್ಶೂರೆನ್ಸ್‌ನವರ ಕಣ್ಣಿಗೆ ಬೀಳುವುದಿಲ್ಲ, ಹೋಗದವರದ್ದು ಮೂರು ವರ್ಷ ಕಾಣುತ್ತಲೇ ಇರುತ್ತದೆ. ಕಂಡಷ್ಟು ದಿನವೂ ಪ್ರೀಮಿಯಂ ಏರಿಸುತ್ತಾರೆ. "ಏನ್ ಸಾರ್ ನೀವು, ಕಟ್ಟೋಕೆ ಮುಂಚೆ ಒಂದು ಮಾತು ನನ್ನ ಕೇಳೋದಲ್ವಾ? ಮನೇಲಿ ಕೂತು ಕಂಪ್ಯೂಟರಲ್ಲೇ ಮುಗಿಸೋ ಸ್ಕೂಲು ಅದು," ಎಂದರು. ಗಿರಿಜಾಳಿಗೆ ಗೊತ್ತಾಗದ ಹಾಗೆ ಏನಾದರೂ ಮಾಡಬಹುದೇ ಎಂದೆ. ಇನ್ಶೂರೆನ್ಸು ಯಾರ ಹೆಸರಲ್ಲಿದೆ ಎಂದು ಕೇಳಿದರು. ಗಿರಿಜಾಳ ಹೆಸರಲ್ಲಿ ಎಂದೆ. ಅವರು ಚಹಾ ಕುಡಿದು ಹೋಗಿ ಎಂದರು.

ನಮ್ಮ ಮನೆಯಲ್ಲಿ ಇನ್ಶೂರೆನ್ಸು, ಟ್ಯಾಕ್ಸು, ಇಂಟರ್ನೆಟ್ಟು ಎಲ್ಲ ಗಿರಿಜಾಳ ಇಲಾಖೆ. ಯಾವ ಕಂಪನಿ ಒಂದು ಡಾಲರ್ ಹೆಚ್ಚು ಹಾಕಿದರೂ ಫೋನು ಹಚ್ಚಿ, ಅವರ ಮ್ಯಾನೇಜರನ ಮ್ಯಾನೇಜರನ್ನು ಕರೆಸಿ, ಹಣ ವಾಪಸ್ ತರಿಸುವವಳು. ಹೊಸ ಪ್ರೀಮಿಯಂ ಬಂದ ದಿನ ಅವಳು ಸೆರಗು ಸಿಕ್ಕಿಸಿಕೊಂಡು ಫೋನ್ ಕೈಗೆತ್ತಿಕೊಂಡಳು. "ಯಾಕ ಏರಿಸ್ಯಾರ ಕೇಳ್ತೀನಿ. ನಮ್ಮ ಮನ್ಯಾಗ ಒಂದ್ ಟಿಕೆಟ್ ಇಲ್ಲ, ಏನಿಲ್ಲ." ಬೇಡ ಬೇಡ, ನಿನಗೆ ಯಾಕೆ ತ್ರಾಸು, ಬೇರೆ ಕಡೆ ಕಡಿಮೆಗೆ ಸಿಗುತ್ತದೆ, ನಾನು ನೋಡುತ್ತೇನೆ ಎಂದು ಅವಳ ಕೈಯಿಂದ ಫೋನು ಇಸಿದುಕೊಂಡೆ. ಮದುವೆಯಾದಂದಿನಿಂದ ಒಮ್ಮೆಯೂ ಇಂಥ ಕೆಲಸಕ್ಕೆ ಮುಂದಾಗದ ಗಂಡನನ್ನು ಅವಳು ಆಶ್ಚರ್ಯದಿಂದ ನೋಡಿದಳು.

ನಾನು ಮಾಡಿದ್ದೇನೆಂದರೆ, ಕಂಡ ಕಂಡ ವೆಬ್‌ಸೈಟಿನಲ್ಲೆಲ್ಲ ನನ್ನ ಫೋನ್ ನಂಬರು ಕೊಟ್ಟು ಬೆಲೆ ಕೇಳಿದೆ. ಮರುದಿನದಿಂದ ಶುರುವಾಯಿತು. ಊಟಕ್ಕೆ ಕೂತರೆ ಫೋನು, ಪೂಜೆಗೆ ಕೂತರೆ ಫೋನು. ಮಾಡುವವರೆಲ್ಲ ಹೆಣ್ಣುಮಕ್ಕಳು, ಎಲ್ಲರದ್ದೂ ಜೇನಿನಂಥ ದನಿ. ಎಲ್ಲರೂ ಕೊನೆಗೆ ಕೇಳುವುದು ಒಂದೇ, ಕಳೆದ ಮೂರು ವರ್ಷದಲ್ಲಿ ಏನಾದರೂ ಪಾಯಿಂಟು ಇದೆಯೇ ಎಂದು. ನಾನು ಹಿತ್ತಲಿಗೆ ಹೋಗಿ, ನಿಂಬೆ ಗಿಡದ ಹಿಂದೆ ನಿಂತು, ಪಿಸುದನಿಯಲ್ಲಿ ಇದೆ ಎನ್ನುತ್ತಿದ್ದೆ. ಬೆಲೆ ಏರುತ್ತಿತ್ತು. ಗಿರಿಜಾ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದಳು.

ಒಂದು ಶನಿವಾರ ಇಬ್ಬರೂ ಕಾರಿನಲ್ಲಿ ಹೊರಟಿದ್ದೆವು. ಅವಳು ಕಿತ್ತಳೆ ಸುಲಿಯುತ್ತಿದ್ದಳು. ಫೋನು ಬಂತು, ಎತ್ತದೆ ಬಿಡಲು ಹೋಗಿ ಗಡಿಬಿಡಿಯಲ್ಲಿ ಸ್ಪೀಕರಿನ ಗುಂಡಿ ಒತ್ತಿದೆ. ಹಾಯ್ ಶಿವಾ, ಮೊನ್ನೆ ಅರ್ಧಕ್ಕೇ ಇಟ್ಟುಬಿಟ್ಟೆಯಲ್ಲ, ನನ್ನ ಬಗ್ಗೆ ಇನ್ನೂ ಯೋಚನೆ ಮಾಡುತ್ತಿದ್ದೀಯಾ ಎಂದು ಆ ಜೇನುದನಿಯವರಲ್ಲೊಬ್ಬಳು ಇಂಗ್ಲಿಷಿನಲ್ಲಿ ಕಾರು ತುಂಬ ಕೇಳಿದಳು. ನಾನು ಫೋನ್ ಆರಿಸಿದೆ. ಕಿತ್ತಳೆ ತೊಳೆ ನನ್ನ ಕೈಗೆ ಬರಲಿಲ್ಲ.

"ಕಾರ್ ಬಾಜೂಕ ಹಚ್ರಿ," ಎಂದಳು ಗಿರಿಜಾ.

ಒಂದು ಅಂಗಡಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಎಲ್ಲ ಹೇಳಿದೆ. ಹೂವಿನ ಅಂಗಡಿ, ಪೊಲೀಸು, ದಂಡ, ಶಾಲೆ, ಪಾಯಿಂಟು, ನಿಂಬೆ ಗಿಡ, ಯಾವುದನ್ನೂ ಬಿಡಲಿಲ್ಲ. ಅವಳು ಬೈಯುವುದನ್ನೇ ಕಾಯುತ್ತ ಸ್ಟಿಯರಿಂಗು ಹಿಡಿದು ಕೂತೆ.

"ಎಷ್ಟಿತ್ತು ಸ್ಪೀಡು?"

"ಎಂಬತ್ನಾಲ್ಕು."

"ನೀವಾ? ಈ ಚಕ್ಕಡ್ಯಾಗ?"

ಹೌದೆಂದೆ. ಯಾಕೆ ಎಂದು ಅವಳು ಕೇಳಲಿಲ್ಲ, ಆದರೂ ನಾನೇ ಹೇಳಿದೆ. "ನೀ ಇಲ್ಲದ ಮನಿಯೊಳಗ ನನಗ ಇರಾಕ ಆಗಲಿಲ್ಲ, ಗಿರಿಜಾ. ಇನ್ನೊಂದು ಗಂಟೆ ಸೈತ ತಡ್ಯಾಕ ಆಗಲಿಲ್ಲ."

ಅವಳು ಆ ಕಡೆ ಕಿಟಕಿಗೆ ಮುಖ ತಿರುಗಿಸಿದಳು. ಬಟ್ಟೆಯೊಳಗೆ ಒಂದೇ ರೊಟ್ಟಿ ಯಾಕಿತ್ತು ಅಂತ ಈಗ ತಿಳಿಯಿತು ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು. "ಆ ಪಾಯಿಂಟು ಮೂರು ವರ್ಷ ಇರ್ತದೇನು?"

"ಇರ್ತದ."

"ಇರಲಿ ಬಿಡ್ರಿ. ನಾ ಕಟ್ತೀನಿ." ಕಿತ್ತಳೆ ತೊಳೆ ನನ್ನ ಕೈಗೆ ಬಂತು.

ಅಂದು ಸಂಜೆಯೇ ಅಕ್ಕಾರಿಗೆ ಫೋನ್ ಹೋಯಿತು. ನಮ್ಮ ಮನಿಯವರು ನನ್ನ ಸಲುವಾಗಿ ಎಂಬತ್ನಾಲ್ಕು ಹೊಡದಾರ ಎಂಬ ಸುದ್ದಿ ಬಾಗಲಕೋಟೆಯಲ್ಲಿ ಮನೆ ಮನೆ ತಲುಪಿತು. ಕ್ಯಾಲಿಫೋರ್ನಿಯಾ ಸರ್ಕಾರ ಅಪರಾಧವೆಂದು ಬರೆದುಕೊಂಡದ್ದನ್ನು ಅಲ್ಲಿ ಪ್ರಶಸ್ತಿಯೆಂದು ಓದಿದರು. ನಾನೂ ಸ್ವಲ್ಪ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಆದರೆ ದೇವರು ಮನುಷ್ಯನಿಗೆ ಮೊಣಕಾಲು ಎರಡು ಕೊಟ್ಟಿದ್ದಾನೆ. ಹೋದ ತಿಂಗಳು ಅಕ್ಕಾರ ಇನ್ನೊಂದರ ಆಪರೇಷನ್ನಿಗೆ ದಿನ ಗೊತ್ತಾಯಿತು.

ಮತ್ತೆ ರೊಟ್ಟಿಯ ಗಂಟು ಕಟ್ಟಾಯಿತು. ಮೊನ್ನೆ ಅವಳನ್ನು ಬಿಡಲು ಅದೇ 101ರ ಮೇಲೆ ಏರ್‌ಪೋರ್ಟಿಗೆ ಹೊರಟೆ. ಕೊನೆಯ ಲೇನು ಹಿಡಿದು ಐವತ್ತರಲ್ಲಿ ಹೋದೆ. ಸ್ಯಾನ್ ಮಟಿಯೋ ಬರುವ ಹೊತ್ತಿಗೆ ಅದನ್ನು ನಲವತ್ತೈದು ಮಾಡಿದೆ. ಯಾರದೋ ದೋಣಿಯನ್ನು ಎಳೆದುಕೊಂಡು ಹೋಗುತ್ತಿದ್ದ ಗಾಡಿಯೂ ನಮ್ಮನ್ನು ದಾಟಿತು. "ರೀ, ದೋಣಿ ಹೋತು," ಎಂದಳು ಗಿರಿಜಾ. ಆಮೇಲೆ ಗಡಿಯಾರ ನೋಡಿ, ಯಾಕಿಷ್ಟು ನಿಧಾನ ಎಂದಳು. ಲೈಸೆನ್ಸಿನ ಮೇಲೆ ಪಾಯಿಂಟು ಇದೆಯಲ್ಲ, ಜೋಪಾನವಾಗಿರಬೇಕು ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಕಿತ್ತಳೆ ಸುಲಿಯತೊಡಗಿದಳು.

ಆದರೂ ಹೊತ್ತಿಗೆ ಮುಂಚೆಯೇ ತಲುಪಿದೆವು. ಎಷ್ಟು ನಿಧಾನ ಓಡಿಸಿದರೂ ಏರ್‌ಪೋರ್ಟು ಬಂದೇ ಬಿಡುತ್ತದೆ.

"ನಾ ಬರೋ ದಿನ ಹೂವಿನ ಅಂಗಡಿಗೆ ಹೋಗಬ್ಯಾಡ್ರಿ," ಎಂದಳು ಇಳಿಯುವಾಗ. "ಸೀದಾ ಬರ್ರಿ."

ಆಯಿತು ಎಂದೆ. ಬ್ಯಾಗ್ ಇಳಿಸಿ, ಗಾಜಿನ ಬಾಗಿಲ ಆಚೆ ಅವಳ ಸೀರೆಯ ಅಂಚು ಮರೆಯಾಗುವ ತನಕ ನಿಂತೆ. ಮರೆಯಾದ ಮೇಲೂ ನಿಂತೆ. ಹಿಂದಿನ ಕಾರಿನವರು ಒಬ್ಬೊಬ್ಬರಾಗಿ ಹಾರ್ನು ಹಾಕತೊಡಗಿದರು, ದೂರದಿಂದ ಪೊಲೀಸಿನವನೊಬ್ಬ ನನ್ನತ್ತ ನಡೆದು ಬಂದ. ಈ ಸಲ ನಾನು ಕಾರಿನ ಹೊರಗೇ ಇದ್ದೆ, ಕೈ ಕೂಡ ಆಗಲೇ ಜೋಡಿಸಿಕೊಂಡಿದ್ದೆ.