ಸಪ್ಪೆ ಮೇಷ್ಟ್ರ ಬಲಜೇಬು

ಎಲ್ಲದಕ್ಕೂ ಕಾರಣ ಕೋಟಿನ ಬಲಜೇಬಿನ ಒಂದು ತೂತು. "ಬಿಚ್ಚಿಡಿ, ಹೊಲಿದುಕೊಡ್ತೀನಿ" ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. ಆದರೆ ಆ ಜೇಬಿಗೆ ಹೆಂಡತಿಯ ಕೈ ಹೋಗುವುದು ಅವನಿಗೆ ಬೇಕಿರಲಿಲ್ಲ. "ಸಂಜೆ ನೋಡೋಣ ಬಿಡು" ಎಂದು ಬಸ್ಸು ಹತ್ತಿಬಿಟ್ಟ.

ಅವನು ಕ್ಯಾನ್ಸರ್ ಆಸ್ಪತ್ರೆಯ ಆಹಾರ ಸಲಹೆಗಾರ. ಔಷಧದ ದೆಸೆಯಿಂದ ಮೈಯಲ್ಲಿ ನೀರು ತುಂಬಿ ಕಾಲು ಊದಿಕೊಂಡ ರೋಗಿಗಳಿಗೆ ಉಪ್ಪು ಕಡಿಮೆ ಮಾಡಿಸುವುದು ಅವನ ಕೆಲಸ. ವಾರ್ಡಿನಲ್ಲಿ ಅವನಿಗೆ ಸಪ್ಪೆ ಮೇಷ್ಟ್ರು ಎಂದೇ ಹೆಸರು. ಬರೀ ಮಾತಿಗೆ ಯಾರೂ ಬಗ್ಗುವುದಿಲ್ಲವೆಂದು ದೊಡ್ಡ ಡಾಕ್ಟರಮ್ಮ ಒಂದು ಪದ್ಧತಿ ತಂದಿದ್ದರು. ಮಧ್ಯಾಹ್ನ ಅವನು ರೋಗಿಗಳ ನಡುವೆಯೇ ಕೂತು, ಅವರು ಕುಡಿಯುವ ಸಪ್ಪೆ ಸೂಪನ್ನೇ ಕುಡಿಯಬೇಕು.

ಅವನು ಚಪ್ಪರಿಸಿಕೊಂಡು ಕುಡಿಯುತ್ತಿದ್ದ. "ನಾಲಿಗೆ ಅನ್ನೋದು ಮಗು ಇದ್ದ ಹಾಗೆ. ಸ್ವಲ್ಪ ದಿನ ಅಳತ್ತೆ, ಆಮೇಲೆ ಸುಮ್ಮನಾಗತ್ತೆ" ಎನ್ನುತ್ತಿದ್ದ. ಅವನ ನಾಲಿಗೆ ಮಾತ್ರ ಒಂದು ದಿನವೂ ಅತ್ತಿರಲಿಲ್ಲ. ಬಲಜೇಬಿನಲ್ಲಿ ಸದಾ ಒಂದು ಉಪ್ಪಿನ ಪೊಟ್ಟಣ ಇರುತ್ತಿತ್ತು. ಕೆಮ್ಮುವ ನೆಪದಲ್ಲಿ ಆಚೆ ತಿರುಗಿ ಒಂದು ಚಿಟಿಕೆ ಉದುರಿಸಿಕೊಂಡರೆ ಮುಗಿಯಿತು.

ಅಂದು ಕಿಟಕಿ ಪಕ್ಕದ ಮಂಚದ ದರ್ಜಿ ತಾತನ ಕಾಲು ದಿಂಬಿನಂತೆ ಊದಿತ್ತು. ಊತ ಇಳಿಯದಿದ್ದರೆ ಮುಂದಿನ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆಂದು ಡಾಕ್ಟರಮ್ಮ ಎಚ್ಚರಿಸಿದ್ದರು.

"ತಾತ, ನಾನು ಹೇಳಿದ ಹಾಗೇ ತಿಂತಿದ್ದೀರಿ ತಾನೆ?"

"ನಿಮ್ಮ ಮುಖ ನೋಡ್ಕೊಂಡೇ ನುಂಗ್ತಿದ್ದೀನಿ ಮೇಷ್ಟ್ರೇ. ನೀವೂ ಕುಡೀತೀರಲ್ಲ, ಅದೇ ಧೈರ್ಯ."

ಮೇಷ್ಟ್ರು ಮುಜುಗರದಿಂದ ಕೆಮ್ಮಿದ. ಅಭ್ಯಾಸಬಲ, ಕೈ ಜೇಬಿಗೆ ಹೋಯಿತು. ದರ್ಜಿಯ ಕಣ್ಣೂ ಅಲ್ಲಿಗೇ ಹೋಯಿತು.

"ಅಯ್ಯೋ, ಜೇಬು ತೂತು! ಬಿಚ್ಚಿ ಕೊಡಿ, ಎರಡು ಹೊಲಿಗೆ ಹಾಕ್ತೀನಿ."

"ಬೇಡ ತಾತ, ಚಳಿ."

"ಈ ಸೆಖೇಲಾ?" ಎಂದಳು ನರ್ಸಮ್ಮ. "ಕೊಡಿ ಸಾರ್. ಇಡೀ ವಾರ್ಡಿನ ದಿಂಬುಗಳಿಗೆ ತಾತನೇ ಹೊಲಿಗೆ ಹಾಕಿಕೊಟ್ಟಿರೋದು. ಅವರಿಗೂ ಹೊತ್ತು ಹೋಗತ್ತೆ." ಹೇಳುತ್ತಲೇ ತೋಳು ಹಿಡಿದು ಎಳೆದಳು. ಎದುರು ಮಂಚದ ಬಸ್ ಡ್ರೈವರ್ ಇನ್ನೊಂದು ತೋಳು ಹಿಡಿದ. ಕೋಟು ಕಳಚಿಬಂತು.

ತಾತ ಜೇಬನ್ನು ಒಳಹೊರಗು ಮಾಡಿದ. ಪೊಟ್ಟಣ ಒಡೆದು ನೀಲಿ ಹೊದಿಕೆಯ ಮೇಲೆ ಬೆಳ್ಳಗೆ ಚೆಲ್ಲಿತು. ಡ್ರೈವರ್ ಬೆರಳದ್ದಿ ನಾಲಿಗೆಗಿಟ್ಟುಕೊಂಡವನು, ಕಳೆದುಹೋದ ನೆಂಟನನ್ನು ಕಂಡವನಂತೆ ಕೂಗಿದ: "ಉಪ್ಪು!"

ಮೇಷ್ಟ್ರಿಗೆ ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಕಿವಿ ಸುಡುತ್ತಿತ್ತು. ತಾತನ ಊದಿದ ಕಾಲು ಕಣ್ಣಿಗೆ ಬಿದ್ದಾಗಲಂತೂ ಇನ್ನಿಲ್ಲದ ನಾಚಿಕೆಯಾಯಿತು.

"ಹೌದು, ದಿನಾ ಹಾಕ್ಕೊಳ್ತಿದ್ದೆ" ಎಂದ, ತಲೆಯೆತ್ತದೆ. "ನಿಮಗೆ ಸಪ್ಪೆ ಕೊಟ್ಟು ನಾನು ಉಪ್ಪು ತಿಂದೆ. ನನ್ನಂಥ ನಾಚಿಕೆಗೆಟ್ಟವನು ಇಲ್ಲ. ನನ್ನ ಮೇಲಿನ ಕೋಪಕ್ಕೆ ನೀವು ಮಾತ್ರ ಪಥ್ಯ ಬಿಡಬೇಡಿ."

ತಾತ ತನ್ನ ದಿಂಬಿನ ಅಂಚು ಬಿಚ್ಚಿ, ಒಳಗೆ ಹೊಲಿದಿದ್ದ ಪುಟ್ಟ ಚೀಲದಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. "ನಾನೊಬ್ಬನೇ ಕಳ್ಳ ಅಂತ ದಿನಾ ಕೊರಗ್ತಿದ್ದೆ ಮೇಷ್ಟ್ರೇ."

ಡ್ರೈವರ್ ಕೆಮ್ಮಿ, ತನ್ನ ದಿಂಬಿಗೆ ಕೈಹಾಕಿದ. ಆಮೇಲೆ ಪಕ್ಕದ ಮಂಚದವನು, ಅವನಾದ ಮೇಲೆ ಬಾಗಿಲ ಬಳಿಯವನು. ಎಲ್ಲರ ದಿಂಬಿಗೂ ಒಬ್ಬನದೇ ಹೊಲಿಗೆ, ಎಲ್ಲದರೊಳಗೂ ಒಂದೇ ಥರದ ಚೀಲ. ನರ್ಸಮ್ಮ ತಲೆ ಚಚ್ಚಿಕೊಂಡಳು. ಹೊದಿಕೆಯ ಮೇಲೆ ಪೊಟ್ಟಣಗಳ ಗುಡ್ಡೆ ಬಿದ್ದ ಹೊತ್ತಿಗೆ ಸರಿಯಾಗಿ ಡಾಕ್ಟರಮ್ಮ ಒಳಗೆ ಬಂದರು.

ನರ್ಸಮ್ಮ ಒಂದೂ ಬಿಡದೆ ಒಪ್ಪಿಸಿದಳು. ಕೆಲಸ ಹೋಯಿತೆಂದೇ ಮೇಷ್ಟ್ರು ಕಣ್ಣು ಮುಚ್ಚಿಕೊಂಡ.

"ಭೇಷ್!" ಎಂದರು ಡಾಕ್ಟರಮ್ಮ. "ಇಷ್ಟು ದಿನದ ಉಪದೇಶಕ್ಕೆ ಹೊರಬರದ ಉಪ್ಪು ನಿಮ್ಮ ಮಾನ ಹೋದದ್ದಕ್ಕೆ ಹೊರಬಂತು. ನಾಳೆ ಹೆಂಗಸರ ವಾರ್ಡು, ನಾಡಿದ್ದು ಮೇಲಿನ ಮಹಡಿ. ಎಲ್ಲ ಕಡೆ ಹೀಗೇ ಸಿಕ್ಕಿಬೀಳಿ. ಪೊಟ್ಟಣ ನರ್ಸಮ್ಮ ತೂಗಿ ಕೊಡ್ತಾರೆ. ಸಂಜೆ ಅಷ್ಟೇ ತೂಕ ವಾಪಸ್ ಬರಬೇಕು."

ಮೇಷ್ಟ್ರ ಮುಂದೆ ಸಪ್ಪೆ ಸೂಪು ಆರುತ್ತಿತ್ತು. ವಾರ್ಡಿಗೆ ವಾರ್ಡೇ ಅವನ ಚಮಚವನ್ನು ನೋಡುತ್ತಿತ್ತು. ಕುಡಿದ. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಜೇಬು ಹೊಲಿದು ಮುಗಿಸಿ ದಾರ ಕಡಿದಿದ್ದ ತಾತ, ನಿಟ್ಟುಸಿರಿಟ್ಟು ಮತ್ತೆ ಕತ್ತರಿ ಎತ್ತಿಕೊಂಡ.

"ತೂತು ಎಷ್ಟು ದೊಡ್ಡದಿರಲಿ ಮೇಷ್ಟ್ರೇ?"